ಅಡಿಕೆ ಮನೆಯಿಂದ ಒಂದು ಅರ್ಜಿ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಪಿಎಚ್‌ಗೆ ಅರ್ಜಿ ಹಾಕುವವರೆಲ್ಲ ಒಂದು ಪ್ರಶ್ನೆಗೆ ಉತ್ತರ ಬರೆಯಲೇಬೇಕು: ನಿಮಗೆ ಈ ಕ್ಷೇತ್ರವೇ ಏಕೆ? ಸಾವಿರವೋ ಒಂದೂವರೆ ಸಾವಿರವೋ ಪದಗಳ ಮಿತಿಯೊಳಗೆ ಹುಟ್ಟಿದ ಊರು, ಕಲಿತ ವಿದ್ಯೆ, ಕಂಡ ರೋಗ, ಮುಂದಿನ ಗುರಿ ಎಲ್ಲವೂ ಒಂದರಿಂದ ಇನ್ನೊಂದು ಹುಟ್ಟಿಕೊಂಡಿತೆಂಬಂತೆ ಹೇಳಬೇಕು. ನಾನು ವಿದೇಶದ ವಿಶ್ವವಿದ್ಯಾಲಯಗಳಿಗೆ ಬರೆದ ಉತ್ತರದಲ್ಲಿ ಒಂದು ವಾಕ್ಯವೂ ಸುಳ್ಳಿರಲಿಲ್ಲ. ಆದರೂ ಅರ್ಜಿ ಕಳಿಸಿ, ಫಲಿತಾಂಶಕ್ಕಾಗಿ ಕಾಯುತ್ತ ಕುಳಿತ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು ಸೀಟು ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆಗಿಂತ ಹೆಚ್ಚಾಗಿ ಆ ಉತ್ತರವೇ. ಅದರಲ್ಲಿ ನಾನು ಬರೆದದ್ದು ಮಂಗನ ಕಾಯಿಲೆಯ ಬಗ್ಗೆ. ಬರೆಯದೆ ಬಿಟ್ಟದ್ದು ಅಡಿಕೆಯ ಬಗ್ಗೆ.

ಶಿವಮೊಗ್ಗ ಜಿಲ್ಲೆಯವರು ಈ ಕ್ಷೇತ್ರಕ್ಕೆ ಅರ್ಜಿ ಬರೆಯುವಾಗ ಮಂಗನ ಕಾಯಿಲೆಯನ್ನು ಬಿಟ್ಟು ಬರೆಯುವುದು ಕಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದು, ಅದೇ ಹೊತ್ತಿಗೆ ಕಾಡಂಚಿನ ಜನರಿಗೆ ಜ್ವರ ಬಂದದ್ದು, ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂದು ವಿಜ್ಞಾನಿಗಳು ಗಾಬರಿಯಾದದ್ದು, ಕೊನೆಗೆ ಉಣುಗಿನಿಂದ ಹರಡುವ ಹೊಸದೊಂದು ವೈರಸ್ ಪತ್ತೆಯಾಗಿ ಅದಕ್ಕೆ ನಮ್ಮ ಕಾಡಿನ ಹೆಸರೇ ನಿಂತದ್ದು, ಇವೆಲ್ಲ ಎಲ್ಲಿಯ ಪ್ರಾಧ್ಯಾಪಕರಾದರೂ ಓದಿಸಿಕೊಂಡು ಹೋಗುವ ಕತೆ. ಅದರಲ್ಲಿ ಅಮೆರಿಕದವರಿಗೆ ಹತ್ತಿರವಾಗುವ ಎಳೆಯೂ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ಸ್ಥಾಪನೆಯಾದದ್ದು ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ. ಅದೇ ಪ್ರತಿಷ್ಠಾನ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ 1952ರಲ್ಲಿ ಪುಣೆಯಲ್ಲಿ ಕಟ್ಟಿದ ವೈರಸ್ ಸಂಶೋಧನಾ ಕೇಂದ್ರದವರೇ ಮುಂದೆ ಕ್ಯಾಸನೂರಿಗೆ ಬಂದರು. ಇಷ್ಟು ಸಾಮಗ್ರಿ ಕೈಯಲ್ಲಿರುವಾಗ ಪ್ರಬಂಧ ತಾನಾಗಿಯೇ ಬರೆಸಿಕೊಳ್ಳುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಕಾಯಿಲೆ ಉಲ್ಬಣಿಸಿದಾಗ ನಮ್ಮ ಮನೆಗಳಲ್ಲೂ ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರು ಹೆದರಿದ್ದರು. ಆ ಭಯವನ್ನೂ ಒಂದು ಪ್ಯಾರಾದಲ್ಲಿ ಸೇರಿಸಿದೆ.

ಆದರೆ ನಾನು ಓದಿದ್ದು ದಂತವೈದ್ಯಕೀಯ. ಮಂಗನ ಕಾಯಿಲೆಯ ಒಬ್ಬ ರೋಗಿಯನ್ನೂ ನಾನು ಪರೀಕ್ಷಿಸಿದವಳಲ್ಲ. ಕಾಲೇಜಿನ ಹೊರರೋಗಿ ವಿಭಾಗದಲ್ಲಿ ದಿನವೂ ನೋಡಿದ್ದು ಬಾಯಿಗಳನ್ನು, ಆ ಬಾಯಿಗಳಲ್ಲಿ ಅಡಿಕೆಯನ್ನು. ಎಸ್‌ಒಪಿ, ಅಂದರೆ ಅರ್ಜಿಯ ಆ ಪ್ರಬಂಧ, ಬರೆದ ಮೇಜಿನಿಂದ ತಲೆ ಎತ್ತಿದರೆ ಕಾಣುತ್ತಿದ್ದುದೂ ಅಡಿಕೆಯೇ. ವಿದೇಶದ ಬಹುಪಾಲು ಅರ್ಜಿಗಳ ಗಡುವು ಡಿಸೆಂಬರಿನ ಆಸುಪಾಸಿಗೆ ಬೀಳುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅದು ಅಡಿಕೆ ಗೊನೆ ಕೊಯ್ಲಿನ ಕಾಲ. ಹಗಲು ಗೊನೆಗಳು ಅಂಗಳಕ್ಕೆ ಬಂದು ಬೀಳುತ್ತವೆ, ಸಂಜೆಯಾದ ಮೇಲೆ ನೆರೆಮನೆಯವರೂ ಸೇರಿ ಸುಲಿಯಲು ಕೂರುತ್ತಾರೆ, ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ ಒಳಮನೆಯವರೆಗೂ ಬರುತ್ತದೆ. ಆ ವಾಸನೆಯ ನಡುವೆ ಕುಳಿತು ನಾನು ಸಾರ್ವಜನಿಕ ಆರೋಗ್ಯದ ಬಗೆಗಿನ ನನ್ನ ಬದ್ಧತೆಯನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ.

ಎರಡು ಬೆರಳಿನ ಬಾಯಿ

ಇಂಟರ್ನ್‌ಶಿಪ್‌ನ ವರ್ಷ ಒಬ್ಬ ಹುಡುಗ ಹಲ್ಲುನೋವೆಂದು ಬಂದಿದ್ದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿರಬಹುದು, ಗೂಡ್ಸ್ ಆಟೋ ಓಡಿಸುತ್ತಿದ್ದ, ಕೊಯ್ಲಿನ ಕಾಲದಲ್ಲಿ ತೋಟಗಳಿಂದ ಗೊನೆ ಸಾಗಿಸುವ ಕೆಲಸವನ್ನೂ ಮಾಡುತ್ತಿದ್ದ. ಕುರ್ಚಿಯಲ್ಲಿ ಕೂರಿಸಿ ದೀಪ ಸರಿಮಾಡಿ “ಬಾಯಿ ತೆಗಿ” ಎಂದೆ. ತೆಗೆದ. “ಇನ್ನೂ ಸ್ವಲ್ಪ” ಎಂದೆ. “ಇಷ್ಟೇ ಬರೂದು ಮೇಡಂ” ಎಂದ. ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಲು ನಮ್ಮಲ್ಲಿ ಸುಲಭದ ಒಂದು ವಿಧಾನವಿದೆ: ರೋಗಿ ತನ್ನ ಮೂರು ಬೆರಳುಗಳನ್ನು ಜೋಡಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನಿಲ್ಲಿಸಲು ಪ್ರಯತ್ನಿಸಬೇಕು. ಅವನಿಗೆ ಎರಡೂ ಸರಿಯಾಗಿ ಹೋಗಲಿಲ್ಲ. ಕೆನ್ನೆಯ ಒಳಪದರ ಬಿಳಿಚಿಕೊಂಡು, ಮುಟ್ಟಿದರೆ ಪಟ್ಟಿಪಟ್ಟಿಯಾಗಿ ಗಟ್ಟಿಯಾಗಿತ್ತು. ಖಾರದ ಸಾರು ಉಣ್ಣಲಾಗದೆ ಮಜ್ಜಿಗೆ ಅನ್ನಕ್ಕೆ ಇಳಿದು ಎಷ್ಟೋ ಕಾಲವಾಗಿತ್ತಂತೆ. ಹಲ್ಲುನೋವು ಬಾರದೇ ಇದ್ದಿದ್ದರೆ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಜೇಬಿನಲ್ಲಿ ಪಾನ್ ಮಸಾಲೆಯ ಚೀಟಿ, ಜೊತೆಗೆ ಬೇರೆಯದೇ ಚೀಟಿಯಲ್ಲಿ ತಂಬಾಕು ಇತ್ತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಒಂದು ಪೊಟ್ಟಣ ಎರಡಾಯಿತು, ಅಷ್ಟೇ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ವರ್ಗವಾಯಿತು.

ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕೇಸ್ ಹಾಳೆಯಲ್ಲಿ ಬರೆದೆ. ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯಿರುವ ಸ್ಥಿತಿ ಅದು, ಅದರ ಮುಖ್ಯ ಕಾರಣ ಅಡಿಕೆ ಎಂಬುದು ಪಠ್ಯಪುಸ್ತಕದಲ್ಲೇ ಇದೆ. ಅಭ್ಯಾಸ ಬಿಡಬೇಕೆಂದು ಹೇಳಿದೆ, ಬಾಯಿ ಹಿಗ್ಗಿಸುವ ವ್ಯಾಯಾಮ ಕಲಿಸಿದೆ, ಮುಂದಿನ ವಾರ ಬರಲು ತಿಳಿಸಿದೆ. ಅವನು ಎದ್ದು ಹೋಗುವಾಗ, ನಮ್ಮೂರಿನ ಕಡೆಯವನೇ ಆದ್ದರಿಂದ, “ನಿಮ್ಮ ತೋಟದ ಮಾಲು ಈ ವರ್ಷ ಚೆನ್ನಾಗಿದೆ, ನಾನೇ ಹೊತ್ತು ತಂದದ್ದು” ಎಂದ. ಅದರಲ್ಲಿ ಕುಹಕವಿರಲಿಲ್ಲ, ಪರಿಚಯದ ಮಾತಷ್ಟೇ. ಅವನು ಮತ್ತೆ ಬರಲಿಲ್ಲ.

ಈ ಪ್ರಸಂಗ ಎಸ್‌ಒಪಿಗೆ ಹೇಳಿ ಮಾಡಿಸಿದಂತಿತ್ತು ಎಂದು ಓದುವವರಿಗೆ ಅನಿಸಬಹುದು. ಬರೆಯಲು ಕುಳಿತಾಗ ಕೈ ಓಡಲಿಲ್ಲ. ಮಂಗನ ಕಾಯಿಲೆಯ ವಿಷಯದಲ್ಲಿ ನಾನು ಸಂತ್ರಸ್ತರ ಕಡೆಯವಳು: ಕಾಡು, ಉಣುಗು, ಬಡವರು, ಕೈಗೆಟುಕದ ಆಸ್ಪತ್ರೆ. ಅಡಿಕೆಯ ವಿಷಯದಲ್ಲಿ ನಾನು ಯಾವ ಕಡೆಯವಳೆಂದು ಹೇಳಿ ಪ್ರಬಂಧ ಮುಂದುವರಿಸಬೇಕು? ನನ್ನ ದಂತವೈದ್ಯಕೀಯದ ಶುಲ್ಕ ಕಟ್ಟಿದ್ದು ರಾಶಿ ಮತ್ತು ಬೆಟ್ಟೆ ಅಡಿಕೆ ಮಾರಿದ ಹಣದಲ್ಲಿ. ಅರ್ಜಿಯ ಶುಲ್ಕ, ಅಂಕಪಟ್ಟಿಗಳ ಮೌಲ್ಯಮಾಪನದ ಶುಲ್ಕ ಎಲ್ಲವೂ ಅಲ್ಲಿಂದಲೇ ಬಂದದ್ದು.

ಕಾಯುವುದು

ಫಲಿತಾಂಶಕ್ಕಾಗಿ ಕಾಯುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಕಾದವರಿಗೆಲ್ಲ ಗೊತ್ತು. ಅಲ್ಲಿಯ ಕಚೇರಿಗಳು ತೆರೆಯುವ ಹೊತ್ತಿಗೆ ನಮಗೆ ರಾತ್ರಿಯ ಊಟದ ಸಮಯ, ಆದ್ದರಿಂದ ಹಗಲೆಲ್ಲ ನಿರಾಳವಾಗಿದ್ದು ಕತ್ತಲಾಗುತ್ತಲೇ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ಅರ್ಜಿಯ ಸ್ಥಿತಿಯಲ್ಲಿ ಬದಲಾವಣೆಯಾಗಿದೆ ಎಂಬ ಮಿಂಚಂಚೆ ಬರುತ್ತದೆಯೇ ಹೊರತು ಏನು ಬದಲಾವಣೆಯೆಂದು ಅದರಲ್ಲಿ ಇರುವುದಿಲ್ಲ. ಅದನ್ನು ನೋಡಲು ಪಾಸ್‌ವರ್ಡ್ ಹಾಕಿ ಒಳಹೋಗಬೇಕು, ಅಷ್ಟರಲ್ಲಿ ಕರೆಂಟು ಹೋಗಿ ವೈಫೈ ಸತ್ತಿರುತ್ತದೆ. ಒಂದು ಕಡೆ ನಿರಾಕರಣೆ ಬಂತು, ಒಂದು ಕಡೆ ಕಾಯುವ ಪಟ್ಟಿ, ಇನ್ನೊಂದು ಕಡೆ ಸೀಟು ಸಿಕ್ಕಿತು, ಶುಲ್ಕದಲ್ಲಿ ಸಣ್ಣದೊಂದು ರಿಯಾಯಿತಿಯೂ ಇತ್ತು. ಮುಂಗಡ ಕಟ್ಟಲು ಏಪ್ರಿಲ್ ಮಧ್ಯದ ಗಡುವು.

ಆ ತಿಂಗಳುಗಳಲ್ಲಿ ನಾನು ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ ಓದಿದ್ದು. ಅಡಿಕೆಯ ಬಗ್ಗೆ ಓದಬಾರದೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೇ ಓದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ 85ನೆಯ ಸಂಪುಟದಲ್ಲಿ ಅಡಿಕೆಯನ್ನೂ ತಂಬಾಕಿಲ್ಲದ ಕವಳವನ್ನೂ, ಅಂದರೆ ಎಲೆಯಡಿಕೆಯನ್ನೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಕಡೆಯ ಬೆಳೆಗಾರರ ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ದೋಷವೆಲ್ಲ ತಂಬಾಕಿನದು ಎಂಬುದು ಒಂದು. ಅಜ್ಜ ಮುತ್ತಜ್ಜಂದಿರು ಕವಳ ಹಾಕಿಕೊಂಡೇ ತೊಂಬತ್ತು ವರ್ಷ ಬದುಕಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆ ಸಂಪುಟದಲ್ಲೇ ಉತ್ತರವಿದೆ, ತಂಬಾಕು ಬಳಸದವರ ಅಧ್ಯಯನಗಳನ್ನೇ ಬೇರೆಯಾಗಿ ಇಟ್ಟು ನೋಡಿದ್ದಾರೆ. ಎರಡನೆಯದನ್ನು ನಗೆಯಾಡಿ ತಳ್ಳಿಹಾಕುವುದು ನಮ್ಮ ವೈದ್ಯರ ಅಭ್ಯಾಸ, ಅದು ಸರಿಯಲ್ಲವೆಂದು ನನಗೆ ಅನಿಸುತ್ತದೆ. ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು. ಅಪಾಯದ ಪ್ರಮಾಣ ಎಷ್ಟು ಎಂಬುದನ್ನು ಅವು ಹೇಳುವುದಿಲ್ಲ. ಸೂರ್ಯನ ಬಿಸಿಲೂ ಅದೇ ಮೊದಲ ಗುಂಪಿನಲ್ಲಿದೆ. ಊಟವಾದ ಮೇಲೆ ಒಂದು ಕವಳ ಹಾಕುವ ಅಜ್ಜನಿಗೂ ಬೆಳಗಿನಿಂದ ರಾತ್ರಿಯವರೆಗೆ ಚೀಟಿ ಹರಿಯುವ ಆಟೋ ಹುಡುಗನಿಗೂ ಅಪಾಯ ಎಷ್ಟೆಷ್ಟು ಎಂದು ಕೇಳಿದರೆ ನಾನು ಕಲಿತ ದಂತವೈದ್ಯಕೀಯದಲ್ಲಿ ಉತ್ತರವಿಲ್ಲ. ಅದನ್ನು ಕಂಡುಹಿಡಿಯುವ ವಿಧಾನ ಇರುವುದು ಎಪಿಡೆಮಿಯಾಲಜಿಯಲ್ಲಿ, ಅಂದರೆ ಕಾಯಿಲೆ ಯಾರಿಗೆ, ಎಷ್ಟು, ಏಕೆ ಬರುತ್ತದೆಂದು ಜನರ ನಡುವೆ ಎಣಿಸಿ ನೋಡುವ ಶಾಸ್ತ್ರದಲ್ಲಿ. ನನಗೆ ಈ ಕ್ಷೇತ್ರವೇ ಏಕೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದೇ ಆಗಿತ್ತು, ಅರ್ಜಿಗಳು ಹೋದ ಮೇಲೆ ಹೊಳೆಯಿತು.

ಎಲ್ಲಿ ಓದುವುದು

ಹೀಗೆ ಪ್ರಶ್ನೆ ಸ್ಪಷ್ಟವಾದ ಮೇಲೆ ಕೋರ್ಸುಗಳನ್ನು ನೋಡುವ ಬಗೆಯೇ ಬೇರೆಯಾಯಿತು. ಅಲ್ಲಿಯವರೆಗೆ ನಾನು ನೋಡುತ್ತಿದ್ದುದು ಶ್ರೇಯಾಂಕಪಟ್ಟಿಗಳನ್ನು. ಅಮೆರಿಕದ ಮಾನ್ಯತೆ ಪಡೆದ ಯಾವ ಎಂಪಿಎಚ್ ಆದರೂ ಕನಿಷ್ಠ 42 ಕ್ರೆಡಿಟ್‌ಗಳದ್ದು. ಜೀವಸಂಖ್ಯಾಶಾಸ್ತ್ರ, ಎಪಿಡೆಮಿಯಾಲಜಿ, ಪರಿಸರ ಆರೋಗ್ಯ, ಆರೋಗ್ಯ ನೀತಿ, ಸಾಮಾಜಿಕ ಮತ್ತು ವರ್ತನಾ ವಿಜ್ಞಾನ ಎಂಬ ಹಳೆಯ ಐದು ಕಂಬಗಳ ಸುತ್ತಲೇ ಎಲ್ಲ ಕಡೆಯೂ ಪಾಠ ನಡೆಯುತ್ತದೆ. ವ್ಯತ್ಯಾಸವಿರುವುದು ಪಾಠ ಹೇಳುವವರು ತಾವೇ ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ ಎಂಬುದರಲ್ಲಿ. ನನಗೆ ಸೀಟು ಸಿಕ್ಕ ವಿಭಾಗದ ಅಧ್ಯಾಪಕರ ಪ್ರಕಟಣೆಗಳನ್ನೆಲ್ಲ ಹುಡುಕಿ ಓದಿದೆ. ಸಿಗರೇಟಿನ ಬಗ್ಗೆ, ಇ-ಸಿಗರೇಟಿನ ಬಗ್ಗೆ ಬಹಳ ಒಳ್ಳೆಯ ಕೆಲಸ ಅಲ್ಲಿತ್ತು. ಜಗಿಯುವವರ ಬಗ್ಗೆ ಏನೂ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ನಾನು ಮಂಗನ ಕಾಯಿಲೆಯ ಹುಡುಗಿಯಾಗಿ ಅಲ್ಲಿಗೆ ಹೋಗಬಹುದಿತ್ತು, ಎಲ್ಲರೂ ಆದರದಿಂದಲೇ ಕೇಳುತ್ತಿದ್ದರು.

ಈ ನಡುವೆ ತಿರುವನಂತಪುರದ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಅಲ್ಲಿಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ ಒಂದು ಪ್ರಯೋಗ ಆರಂಭಿಸಿದರು. 13 ಪಂಚಾಯಿತಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಊರುಗಳಲ್ಲಿ 35 ದಾಟಿದವರ ಬಾಯಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನೋಡಿದರು. ಅವರು ವೈದ್ಯರಲ್ಲ, ಬೆಳಕಿನಲ್ಲಿ ಬಾಯೊಳಗೆ ನೋಡಿ ಅನುಮಾನ ಬಂದವರನ್ನು ಮುಂದಕ್ಕೆ ಕಳಿಸುವುದಷ್ಟೇ ಅವರ ಕೆಲಸ. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಶೇಕಡದಷ್ಟು ಕಡಿಮೆಯಾಗಿತ್ತು. ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ಆ ಆಟೋ ಹುಡುಗ. ಹಲ್ಲುನೋವು ಬರುವವರೆಗೆ ಅವನ ಬಾಯೊಳಗೆ ಯಾರೂ ನೋಡಿರಲಿಲ್ಲ. ಎರಡನೆಯದು, ಅದೇ ಊರಿನ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ. 1997ರಲ್ಲಿ ದೇಶದಲ್ಲೇ ಮೊದಲು ಎಂಪಿಎಚ್ ಶುರುಮಾಡಿದ ಕಡೆ ಅದು. ತಂಬಾಕು ಬಿಡಿಸುವ ಬಗ್ಗೆ, ದೀರ್ಘಕಾಲದ ಕಾಯಿಲೆಗಳ ಬಗ್ಗೆ ಹಳ್ಳಿಗಳಲ್ಲಿ ಕೆಲಸ ಮಾಡಿದ ಪರಂಪರೆ ಅಲ್ಲಿದೆ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯ ಕೋರ್ಸೂ ನನ್ನ ಪಟ್ಟಿಯಲ್ಲಿ ಉಳಿದಿದೆ. ಮಂಗನ ಕಾಯಿಲೆಯ ಲಸಿಕೆ ಎಷ್ಟು ಕೆಲಸ ಮಾಡುತ್ತಿದೆ ಎಂದು ನಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳೂ ಆ ಸಂಸ್ಥೆಯವರೂ ಸೇರಿ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ್ದರು: ಎರಡು ಡೋಸ್‌ಗೆ ಸುಮಾರು 62 ಶೇಕಡ, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು 83. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಿದ್ದರಿಂದ ಬಂದ ಅಂಕಿಗಳವು. ನನ್ನ ಎಸ್‌ಒಪಿಯಲ್ಲಿ ಕ್ಯಾಸನೂರಿನ ಕಾಡು, ಮಂಗ, ಭಯ ಎಲ್ಲ ಇತ್ತು, ಇಂಥ ಒಂದು ಎಣಿಕೆ ಇರಲಿಲ್ಲ.

ವಿದೇಶಕ್ಕೆ ಹೋಗಬಾರದೆಂಬ ವಾದ ನನ್ನದಲ್ಲ. ಜೊತೆಗೆ ಓದಿದ ಗೆಳತಿಯೊಬ್ಬಳು ಆರೋಗ್ಯ ಅರ್ಥಶಾಸ್ತ್ರ ಓದಲು ಇಂಗ್ಲೆಂಡಿಗೆ ಹೊರಟಿದ್ದಾಳೆ, ಅವಳ ಪ್ರಶ್ನೆಗೆ ಅದೇ ಸರಿಯಾದ ಜಾಗ. ಹಣದ ಮಾತನ್ನೂ ಮುಚ್ಚಿಡಬೇಕಾದ್ದಿಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ, ಕೃಷಿ ಜಮೀನನ್ನು ಅದಕ್ಕೆ ಒಪ್ಪುವುದು ಅಪರೂಪ. ತೋಟವಿದೆ, ತೋಟದ ಆದಾಯವಿದೆ, ಬ್ಯಾಂಕಿನ ಕಣ್ಣಿಗೆ ಅದು ಆಸ್ತಿಯಲ್ಲ. ಚಿಕ್ಕಪ್ಪನ ಶಿವಮೊಗ್ಗದ ಮನೆಯ ಪತ್ರ ಇಡಬೇಕಾಗುತ್ತಿತ್ತು, ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿರುವ ವರ್ಷಗಳಲ್ಲಿ ಆ ಸಾಲವನ್ನು ಅಡಿಕೆಯೇ ತೀರಿಸಬೇಕಾಗುತ್ತಿತ್ತು.

ಅಪ್ಪಯ್ಯ ಕೇಳಿದ್ದು

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿದ್ದರೂ ಅಪ್ಪಯ್ಯನಿಗೆ ವಿಷಯ ಹೇಳಿರಲಿಲ್ಲ. ಹಲ್ಲಿನ ಡಾಕ್ಟರಾದವಳು ಕ್ಲಿನಿಕ್ ಹಾಕದೆ ಮತ್ತೆ ಓದಲು ಹೊರಟಿದ್ದೇ ಅವರಿಗೆ ಅರ್ಥವಾಗಿರಲಿಲ್ಲ. “ಕಾಯಿಲೆ ಬಂದವರಿಗೆ ಔಷಧ ಕೊಡೂದಲ್ದಾ ಡಾಕ್ಟ್ರ ಕೆಲಸ? ಬಾರದವರ ಹತ್ರ ಹೋಗಿ ಎಂತ ಮಾಡ್ತಿ?” ಎಂದು ಒಮ್ಮೆ ಕೇಳಿದ್ದರು. ಮಾರ್ಚಿನ ಒಂದು ಸಂಜೆ, ಮಾಲು ಮಂಡಿಗೆ ಹೋಗಿ ಅಟ್ಟ ಖಾಲಿಯಾಗಿದ್ದ ದಿನ, ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದವರ ಎದುರಿಗೆ ಹೇಳಿಯೇಬಿಟ್ಟೆ. ಅಮೆರಿಕದ ಸೀಟು ಬಿಡುತ್ತೇನೆ, ಇಲ್ಲೇ ಪರೀಕ್ಷೆ ಬರೆಯುತ್ತೇನೆ, ಓದಬೇಕೆಂದಿರುವುದು ಅಡಿಕೆ ಮತ್ತು ಬಾಯಿ ಕ್ಯಾನ್ಸರಿನ ಬಗ್ಗೆ ಎಂದೆ.

ಸುಣ್ಣ ಹಚ್ಚುವುದು ನಿಲ್ಲಲಿಲ್ಲ. “ಅಡಿಕೆ ಬೆಳೆದವರು ಕ್ಯಾನ್ಸರ್ ಮಾಡಿಸ್ತಾರೆ ಅಂತ ಬರೀತೀಯಾ?” ಎಂದರು. ಏನು ಬರೆಯುತ್ತೇನೆಂದು ಈಗಲೇ ಗೊತ್ತಿದ್ದರೆ ಓದುವುದೇ ಬೇಡವಾಗಿತ್ತು ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಜನರ ಹತ್ತಿರ ಏನು ಕೇಳುತ್ತೀರಿ, ಆ ಹಾಳೆ ತೋರಿಸು ಎಂದರು. ಕಾಲೇಜಿನ ದಿನಗಳಲ್ಲಿ ಶಿಬಿರಗಳಿಗೆ ಒಯ್ಯುತ್ತಿದ್ದ ಪ್ರಶ್ನಾವಳಿಯೊಂದು ಮನೆಯಲ್ಲಿತ್ತು. ಅದರಲ್ಲಿ ಅಡಿಕೆ ಜಗಿಯುವ ಅಭ್ಯಾಸ ಎಂದು ಬರೆದು ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕಗಳಿದ್ದವು. ಇದ್ದರೆ ಎಷ್ಟು ವರ್ಷದಿಂದ ಎಂಬುದಕ್ಕೆ ಒಂದು ಗೆರೆ.

“ಇಷ್ಟೇ ಕೇಳಿದ್ರೆ ಯಾರಿಗೆ ಎಂತ ಗೊತ್ತಾಗ್ತದೆ?” ಎಂದು ಶುರುಮಾಡಿದರು. ಹಸಿ ಅಡಿಕೆಯಾ, ಬೇಯಿಸಿದ ಕೆಂಪಡಿಕೆಯಾ, ಘಟ್ಟದ ಕೆಳಗಿನವರು ಬಿಸಿಲಲ್ಲಿ ಒಣಗಿಸುವ ಚಾಲಿಯಾ? ಎಲೆಯ ಜೊತೆಗಾ, ಬರೀ ಅಡಿಕೆಯಾ? ಸುಣ್ಣ ಎಷ್ಟು? ಹೊಗೆಸೊಪ್ಪು ಉಂಟಾ ಇಲ್ಲವಾ, ಇದ್ದರೆ ಮೊದಲಿನಿಂದಲೂ ಇತ್ತಾ ಆಮೇಲೆ ಸೇರಿದ್ದಾ? ಉಗುಳುತ್ತಾರಾ, ರಸ ನುಂಗುತ್ತಾರಾ? ರಾತ್ರಿ ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಾರಾ? ಮಂಡಿಯಲ್ಲಿ ಯಾರೂ ಕೊಳ್ಳದ ಬೂಸಲು ಹಿಡಿದ ಮಾಲು ಎಲ್ಲಿಗೆ ಹೋಗುತ್ತದೆ, ಯಾವ ಚೀಟಿಯೊಳಗೆ ಸೇರುತ್ತದೆ, ಅದನ್ನು ಯಾರಾದರೂ ಕೇಳಿದ್ದಾರಾ? ನಾನು ಪೆನ್ನು ತಂದು ಬರೆದುಕೊಳ್ಳತೊಡಗಿದೆ. ಸಿಗರೇಟು ಸೇದುವವರಿಗೆ ದಿನಕ್ಕೆ ಎಷ್ಟು ಪ್ಯಾಕು, ಎಷ್ಟು ವರ್ಷ ಎಂದು ಗುಣಿಸಿ ಒಂದು ಅಂಕಿ ಪಡೆಯಬಹುದು. ಕವಳಕ್ಕೆ ಹಾಗೆ ಗುಣಿಸಲು ಬರುವುದಿಲ್ಲ, ಒಬ್ಬರ ಕವಳ ಇನ್ನೊಬ್ಬರದರಂತಿರುವುದಿಲ್ಲ. ಆ ವ್ಯತ್ಯಾಸಗಳನ್ನು ಹೆಸರಿಟ್ಟು ಹೇಳಬಲ್ಲವರು ಅದನ್ನು ಬೆಳೆದು, ಬೇಯಿಸಿ, ಆರಿಸಿ, ತಾವೂ ಹಾಕಿಕೊಳ್ಳುವವರು. ಅವರನ್ನು ಎದುರಾಳಿಗಳೆಂದು ಬಗೆದು ನಡೆಸುವ ಅಧ್ಯಯನ ಎರಡು ಚೌಕಗಳಲ್ಲೇ ನಿಂತುಬಿಡುತ್ತದೆ.

ಇದರ ಇನ್ನೊಂದು ಮಗ್ಗುಲೂ ನನಗೆ ಗೊತ್ತಿದೆ. ಇಲ್ಲಿಯ ಸಂಸ್ಥೆಯೊಂದರ ಪ್ರಾಧ್ಯಾಪಕರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದಾಗ ಅವರು ಮೊದಲು ಕೇಳಿದ್ದೇ, ಮನೆಯವರು ಬೆಳೆಗಾರರಾಗಿರುವಾಗ ನಿಮ್ಮ ಅಂಕಿಅಂಶಗಳನ್ನು ಜನ ಏಕೆ ನಂಬಬೇಕು ಎಂದು. ನಂಬಬೇಕಾಗಿಲ್ಲ, ಪ್ರಶ್ನಾವಳಿಯನ್ನೂ ಕಚ್ಚಾ ದತ್ತಾಂಶವನ್ನೂ ತೆರೆದಿಡುತ್ತೇನೆ, ಪ್ರಬಂಧದ ಮೊದಲ ಪುಟದಲ್ಲೇ ತೋಟದ ವಿಷಯ ಬರೆಯುತ್ತೇನೆ ಎಂದೆ. “ಅಷ್ಟರಿಂದಲೇ ಪರಿಹಾರವಾಗುವುದಿಲ್ಲ, ಆದರೂ ಅರ್ಜಿ ಹಾಕಿ” ಎಂದರು. ಹಿತಾಸಕ್ತಿಯ ಸಂಘರ್ಷದ ಬಗ್ಗೆ ಅಷ್ಟು ನೇರವಾಗಿ ಕೇಳಿದ್ದು ಅವರೊಬ್ಬರೇ. ಮಂಗನ ಕಾಯಿಲೆಯ ಪ್ರಬಂಧಕ್ಕೆ ಅಂಥ ಪ್ರಶ್ನೆ ಎಲ್ಲಿಂದಲೂ ಬಂದಿರಲಿಲ್ಲ.

ಇಲ್ಲಿಯ ಪ್ರವೇಶ ಪರೀಕ್ಷೆ, ಸಂದರ್ಶನಗಳು ಇನ್ನೂ ಮುಂದಿವೆ. ಒಂದೊಂದು ಸಂಸ್ಥೆಯದು ಒಂದೊಂದು ಪಂಚಾಂಗ, ಸೀಟು ಸಿಕ್ಕೇ ಸಿಗುತ್ತದೆಂಬ ಭರವಸೆಯೇನೂ ಇಲ್ಲ, ಕೈಯಲ್ಲಿದ್ದುದನ್ನು ಬಿಟ್ಟು ಕಾಯುವುದು ಜಾಣತನವಲ್ಲವೆಂದು ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ ಹೇಳುತ್ತಾರೆ. ಗಡುವಿನ ಹಿಂದಿನ ವಾರ ಆ ವಿಶ್ವವಿದ್ಯಾಲಯಕ್ಕೆ ಸೀಟು ಬೇಡವೆಂದು ತಿಳಿಸಿದೆ. ಉತ್ತರವಾಗಿ ಒಂದು ನಮೂನೆ ಕಳಿಸಿ ಕಾರಣ ಗುರುತಿಸಲು ಕೇಳಿದರು: ಶುಲ್ಕ, ವೀಸಾ, ಬೇರೆ ವಿಶ್ವವಿದ್ಯಾಲಯ, ಕೌಟುಂಬಿಕ, ಇತರೆ. ಇತರೆ ಎಂಬುದನ್ನು ಒತ್ತಿದಾಗ ವಿವರಿಸಿ ಎಂಬ ಖಾಲಿ ಜಾಗ ತೆರೆಯಿತು. ಅಲ್ಲಿ ಅಡಿಕೆಯ ಬಗ್ಗೆ ಎರಡು ವಾಕ್ಯ ಬರೆದು ಕಳಿಸಿದೆ.